ಕಾಲೇಜಿನ ಜೊತೆಗೇ ಕಾರ್ಖಾನೆಯೂ ಬೇಕು

ಪ್ರತಿ ವರ್ಷ ಮೇ ತಿಂಗಳು ಬಂತೆಂದರೆ ಕುವೈತ್‌ನ ಕನ್ನಡಿಗರ ಮನೆಗಳಲ್ಲಿ ಒಂದೇ ಮಾತು: "ಸೀಟು ಎಲ್ಲಿ?" ಸಾಲ್ಮಿಯಾದಿಂದ ಫಾಹೀಲ್‌ವರೆಗೆ, ಮದುವೆ ಮನೆಯಿರಲಿ, ಸಂಘದ ಕಾರ್ಯಕ್ರಮವಿರಲಿ, ಹನ್ನೆರಡನೇ ತರಗತಿ ಮುಗಿಸಿದ ಮಕ್ಕಳ ತಂದೆತಾಯಿಗಳನ್ನು ಕಂಡೊಡನೆ ಕೇಳುವ ಪ್ರಶ್ನೆ ಇದೇ. ಎನ್‌ಆರ್‌ಐ ಕೋಟಾಕ್ಕೆ ಎಷ್ಟಾಗುತ್ತದೆ, ದಾಸಾ ಯೋಜನೆಯಲ್ಲಿ ಗಲ್ಫ್ ಉದ್ಯೋಗಿಗಳ ಮಕ್ಕಳಿಗೆಂದು ಇರುವ ಸೀಟಿಗೆ ಅರ್ಜಿ ಹಾಕಿದಿರಾ, ಸುರತ್ಕಲ್ ಸಿಗಬಹುದೇ, ಕಂಪ್ಯೂಟರ್ ಸೈನ್ಸ್ ಸಿಗದಿದ್ದರೆ ಏನು ಮಾಡುತ್ತೀರಿ ಎಂಬಲ್ಲಿಗೆ ಮಾತು ನಿಲ್ಲುತ್ತದೆ. ಸೀಟು ಸಿಕ್ಕಿದ ಮೇಲೆ ಆ ನಾಲ್ಕು ವರ್ಷಗಳಲ್ಲಿ ಮಕ್ಕಳು ಏನು ಕಲಿಯುತ್ತಾರೆ, ಯಾರ ಕೈಕೆಳಗೆ ಕಲಿಯುತ್ತಾರೆ, ಒಂದು ಯಂತ್ರದ ಮುಂದೆ ಎಷ್ಟು ಗಂಟೆ ನಿಲ್ಲುತ್ತಾರೆ ಎಂದು ಕೇಳುವವರು ಬಹಳ ಕಡಿಮೆ.

ಇಂಜಿನಿಯರಿಂಗ್ ಓದಲು ಹೊರಟ ಮಕ್ಕಳು ಓದುತ್ತಿರುವಾಗಲೇ ಅಪ್ರೆಂಟಿಸ್ ಆಗಿಯೂ ದುಡಿಯಬೇಕು ಎಂಬುದು ನಮ್ಮ ಅಭಿಪ್ರಾಯ. ಓದನ್ನು ಬಿಟ್ಟು ಕೆಲಸಕ್ಕೆ ಹೋಗಲಿ ಎಂದು ನಾವು ಹೇಳುತ್ತಿಲ್ಲ. ಓದು ಮುಗಿದ ಮೇಲೆ ನೋಡೋಣ ಎಂದೂ ಹೇಳುತ್ತಿಲ್ಲ. ಕಾಲೇಜಿನ ಪಾಠ ಮತ್ತು ಕಾರ್ಖಾನೆಯ ತರಬೇತಿ ಎರಡೂ ಒಂದೇ ಕಾಲದಲ್ಲಿ, ಒಂದಕ್ಕೊಂದು ಹೆಗಲು ಕೊಟ್ಟು ನಡೆಯಬೇಕು ಎನ್ನುತ್ತಿದ್ದೇವೆ. ಇದಕ್ಕೆ ಅವಕಾಶ ಕೊಡುವ ಕೋರ್ಸುಗಳು ಭಾರತದಲ್ಲೂ ಇವೆ, ಹೊರದೇಶಗಳಲ್ಲೂ ಇವೆ. ಆದರೆ ನಮ್ಮ ಮನೆಗಳ ಚರ್ಚೆಯಲ್ಲಿ ಅವುಗಳ ಹೆಸರು ಕೇಳಿಬರುವುದೇ ಅಪರೂಪ.

ಅಪ್ರೆಂಟಿಸ್ ಎಂಬ ಪದಕ್ಕೆ ಊರಿನ ಸರ್ಕಾರಿ ಜಾಹೀರಾತುಗಳಲ್ಲಿ 'ಶಿಶಿಕ್ಷು' ಎಂದು ಬರೆಯುತ್ತಾರೆ. ಕಲಿಯಬೇಕೆಂಬ ಇಚ್ಛೆ ಇರುವವನು ಎಂದು ಅದರ ಅರ್ಥ. ಎಷ್ಟು ಒಳ್ಳೆಯ ಪದ! ಆದರೂ ಅಪ್ರೆಂಟಿಸ್ ಎಂದೊಡನೆ ನಮ್ಮವರ ಮನಸ್ಸಿನಲ್ಲಿ ಮೂಡುವುದು ಎಣ್ಣೆ ಮೆತ್ತಿದ ಬಟ್ಟೆ ಮತ್ತು ಕಡಿಮೆ ಅಂಕ. "ಓದಲು ಬಾರದವರು ಅಲ್ಲಿಗೆ ಹೋಗುತ್ತಾರೆ" ಎಂಬ ಮಾತು ಚಾಲ್ತಿಯಲ್ಲಿದೆ. ಈ ಮಾತು ಕುವೈತ್‌ನಲ್ಲಿ ಕೇಳಿಬರುವುದು ಇನ್ನೂ ವಿಚಿತ್ರ. ಏಕೆಂದರೆ ಈ ದೇಶಕ್ಕೆ ಬಂದು ನೆಲೆಯೂರಿದ ಕನ್ನಡಿಗರಲ್ಲಿ ಎಷ್ಟೋ ಹಿರಿಯರು ಅಪ್ರೆಂಟಿಸ್ ಆಗಿಯೇ ಬಾಳು ಕಟ್ಟಿಕೊಂಡವರು. ಮಂಗಳೂರಿನ ಕೆಪಿಟಿಯಲ್ಲಿ ಡಿಪ್ಲೊಮಾ ಮಾಡಿ ಎಂಸಿಎಫ್‌ನಲ್ಲೋ ಕುದುರೆಮುಖದಲ್ಲೋ ತರಬೇತಿ ಪಡೆದವರು, ಐಟಿಐ ಮುಗಿಸಿ ಬೆಂಗಳೂರಿನ ಎಚ್‌ಎಂಟಿ, ಎಚ್‌ಎಎಲ್, ಎನ್‌ಜಿಇಎಫ್ ಕಾರ್ಖಾನೆಗಳಲ್ಲಿ ಪಳಗಿದವರು ಮೀನಾ ಅಲ್ ಅಹ್ಮದಿ, ಮೀನಾ ಅಬ್ದುಲ್ಲಾ ರಿಫೈನರಿಗಳ ಪಂಪು, ಪೈಪು, ಕವಾಟಗಳ ನಡುವೆ ಬೆವರು ಸುರಿಸಿದ್ದಾರೆ. ಎನ್‌ಜಿಇಎಫ್ ಮುಚ್ಚಿ ಬಹಳ ವರ್ಷಗಳಾದವು. ಅಲ್ಲಿ ಕೈಗೆ ಬಂದ ವಿದ್ಯೆ ಮಾತ್ರ ಮುಚ್ಚಿಹೋಗಲಿಲ್ಲ. ಅದೇ ವಿದ್ಯೆ ಇಲ್ಲಿನ ಬಾಡಿಗೆ ಕಟ್ಟಿತು, ಊರಿನಲ್ಲಿ ಮನೆ ಕಟ್ಟಿಸಿತು, ಇದೇ ಶಾಲೆಯ ಫೀಸನ್ನೂ ಕಟ್ಟಿತು.

ಊರಿನಲ್ಲಿ ಆಯುಧಪೂಜೆಯ ದಿನ ಸ್ಪ್ಯಾನರ್, ಸುತ್ತಿಗೆ, ಲೇಥ್, ಲಾರಿ ಎಲ್ಲಕ್ಕೂ ಕುಂಕುಮ ಹಚ್ಚಿ, ಹೂ ಮುಡಿಸಿ, ಬೂದುಗುಂಬಳ ಒಡೆದು ಕೈಮುಗಿಯುವ ಪದ್ಧತಿ ನಮ್ಮದು. ವರ್ಷಕ್ಕೆ ಒಂದು ದಿನ ಉಪಕರಣಕ್ಕೆ ಪೂಜೆ, ಉಳಿದ ದಿನಗಳಲ್ಲಿ "ಅದನ್ನು ಮುಟ್ಟಬೇಡ, ನೀನು ಓದಿಕೋ" ಎಂದರೆ ಆ ಪೂಜೆಗೆ ಏನು ಅರ್ಥ? ಕಾಯಕಕ್ಕೆ ಹನ್ನೆರಡನೇ ಶತಮಾನದಲ್ಲಿಯೇ ಅಷ್ಟು ದೊಡ್ಡ ಸ್ಥಾನ ಕೊಟ್ಟ ನಾಡಿನವರು ಕೈಕೆಲಸವನ್ನು ತಲೆಕೆಲಸಕ್ಕಿಂತ ಕೀಳೆಂದು ಎಣಿಸುವುದು ತರವಲ್ಲ.

ಕಾರ್ಖಾನೆಯಲ್ಲಿ ಸಿಗುವ ಕಲಿಕೆ ತರಗತಿಯಲ್ಲಿ ಏಕೆ ಸಿಗುವುದಿಲ್ಲ ಎಂದು ವಿದ್ಯಾರ್ಥಿಗಳು ಕೇಳಬಹುದು. ಒಂದು ಉದಾಹರಣೆ ನೋಡೋಣ. 25 ಮಿಲಿಮೀಟರ್ ವ್ಯಾಸದ ಒಂದು ಉಕ್ಕಿನ ಶಾಫ್ಟ್ ಮಾಡಬೇಕಾಗಿದೆ. ನಕ್ಷೆಯ ಪ್ರಕಾರ ಅದರ ಅಳತೆ 24.980ರಿಂದ 24.993 ಮಿ.ಮೀ. ಒಳಗೆ ಇರಬೇಕು. ಅಂದರೆ ಹೆಚ್ಚುಕಡಿಮೆಗೆ ಇರುವ ಅವಕಾಶ 13 ಮೈಕ್ರಾನ್ ಮಾತ್ರ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ. ಲೇಥ್‌ನಿಂದ ಆಗಷ್ಟೇ ಬಂದ, ಮುಟ್ಟಿದರೆ ಬಿಸಿ ತಾಗುವ ಶಾಫ್ಟನ್ನು ಹೊಸ ಹುಡುಗನೊಬ್ಬ ಮೈಕ್ರೋಮೀಟರಿನಿಂದ ಅಳೆಯುತ್ತಾನೆ. 24.990 ಬರುತ್ತದೆ. ಸರಿಯಾಗಿದೆ ಎಂದು ಸಂತೋಷದಿಂದ ಪಕ್ಕಕ್ಕಿಡುತ್ತಾನೆ. ಆದರೆ ಆ ಶಾಫ್ಟಿನ ಉಷ್ಣತೆ 60 ಡಿಗ್ರಿ ಇತ್ತು. ಅಳತೆಗೆ ಜಗತ್ತು ಒಪ್ಪಿಕೊಂಡ ಉಷ್ಣತೆ 20 ಡಿಗ್ರಿ. ಆ 40 ಡಿಗ್ರಿ ಇಳಿಯುವಷ್ಟರಲ್ಲಿ 25 ಮಿ.ಮೀ. ಉಕ್ಕು ಸುಮಾರು 11 ಮೈಕ್ರಾನ್ ಕುಗ್ಗುತ್ತದೆ. ತಣ್ಣಗಾದ ಮೇಲೆ ಅಳೆದರೆ 24.979! ಕೆಳಗಿನ ಮಿತಿಗಿಂತ ಒಂದು ಮೈಕ್ರಾನ್ ಕಡಿಮೆ. ಶಾಫ್ಟ್ ಗುಜರಿಗೆ ಹೋಯಿತು.

ಲೋಹ ಬಿಸಿಯಾದರೆ ಹಿಗ್ಗುತ್ತದೆ ಎಂದು ನಮ್ಮ ಶಾಲೆಯ ಎಂಟನೇ ತರಗತಿಯ ಮಗುವಿಗೂ ಗೊತ್ತು. ಅದರ ಸೂತ್ರವನ್ನು ಹನ್ನೊಂದನೇ ತರಗತಿಯವರು ಪರೀಕ್ಷೆಯಲ್ಲಿ ಬರೆದು ಪೂರ್ಣ ಅಂಕ ಪಡೆಯುತ್ತಾರೆ. ಆದರೆ ಕೈಯಲ್ಲಿ ಬಿಸಿ ಶಾಫ್ಟ್ ಹಿಡಿದಾಗ ಆ ಸೂತ್ರ ತಾನಾಗಿ ನೆನಪಿಗೆ ಬರಬೇಕಾದರೆ ಪಕ್ಕದಲ್ಲಿ ನಿಂತು "ತಡಿ ಮಾರಾಯ, ತಣ್ಣಗಾಗಲಿ" ಎನ್ನುವ ಹಿರಿಯನೊಬ್ಬ ಬೇಕು. ಆ ಹಿರಿಯ ಕಾಲೇಜಿನ ಕೊಠಡಿಯಲ್ಲಿ ಸಿಗುವುದಿಲ್ಲ. ಅದೇ ರೀತಿ, ಏಕೆ ಹಿಗ್ಗುತ್ತದೆ, ಎಷ್ಟು ಹಿಗ್ಗುತ್ತದೆ, ಬೇರೆ ಲೋಹವಾದರೆ ಏನು ಎಂದು ಲೆಕ್ಕ ಹಾಕಿ ಹೇಳುವ ಪ್ರಾಧ್ಯಾಪಕರು ಕಾರ್ಖಾನೆಯಲ್ಲಿ ಸಿಗುವುದಿಲ್ಲ. ಸೋಮವಾರ ಕೆಟ್ಟ ಶಾಫ್ಟಿನ ಕಾರಣವನ್ನು ಶುಕ್ರವಾರದ ಪಾಠದಲ್ಲಿ ಕೇಳಿ ತಿಳಿದುಕೊಳ್ಳುವ ಹುಡುಗ ಎರಡನ್ನೂ ಮರೆಯುವುದಿಲ್ಲ. ಎರಡೂ ಏಕಕಾಲದಲ್ಲಿ ಬೇಕು ಎನ್ನಲು ಇದೇ ಕಾರಣ.

ಇದು ಹೊಸ ವಿಚಾರವೇನಲ್ಲ. ಅಮೆರಿಕದ ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ ಹರ್ಮನ್ ಶ್ನೈಡರ್ ಎಂಬ ಪ್ರಾಧ್ಯಾಪಕರು 1906ರಲ್ಲಿಯೇ 27 ವಿದ್ಯಾರ್ಥಿಗಳೊಂದಿಗೆ ಇಂಥ ವ್ಯವಸ್ಥೆ ಆರಂಭಿಸಿದರು. ವಿದ್ಯಾರ್ಥಿಗಳು ಕೆಲವು ಕಾಲ ತರಗತಿಯಲ್ಲಿ, ಕೆಲವು ಕಾಲ ಕಾರ್ಖಾನೆಯಲ್ಲಿ. ಕೆನಡಾದ ವಾಟರ್‌ಲೂ ವಿಶ್ವವಿದ್ಯಾಲಯ 1957ರಲ್ಲಿ ಹುಟ್ಟಿದ್ದೇ ಈ ಪದ್ಧತಿಯ ಮೇಲೆ. ಜರ್ಮನಿಯ ಬಾಡೆನ್-ವುರ್ಟೆಂಬೆರ್ಗ್ ರಾಜ್ಯದಲ್ಲಿ 1974ರಲ್ಲಿ ಸ್ಟುಟ್‌ಗಾರ್ಟ್ ಮತ್ತು ಮಾನ್‌ಹೈಮ್ ನಗರಗಳಲ್ಲಿ ಆರಂಭವಾದ ವೃತ್ತಿ ಅಕಾಡೆಮಿಗಳು 2009ರಲ್ಲಿ ವಿಶ್ವವಿದ್ಯಾಲಯದ ದರ್ಜೆಗೆ ಏರಿದವು. ಅಲ್ಲಿ ವಿದ್ಯಾರ್ಥಿಗೆ ಮೊದಲು ಒಂದು ಕಂಪನಿಯ ಜೊತೆ ಒಪ್ಪಂದವಾಗಬೇಕು. ನಂತರ ಸುಮಾರು ಮೂರು ತಿಂಗಳು ಪಾಠ, ಮೂರು ತಿಂಗಳು ಕಂಪನಿಯಲ್ಲಿ ಕೆಲಸ, ಹೀಗೆ ಮೂರು ವರ್ಷ. ಪಾಠದ ತಿಂಗಳುಗಳಲ್ಲೂ ಕಂಪನಿ ಸಂಬಳ ಕೊಡುತ್ತದೆ. ಇಂಗ್ಲೆಂಡಿನಲ್ಲಿ 2015ರಿಂದ ಡಿಗ್ರಿ ಅಪ್ರೆಂಟಿಸ್‌ಶಿಪ್ ಎಂಬ ವ್ಯವಸ್ಥೆ ಇದೆ. ಅದರಲ್ಲಿ ವಿಶ್ವವಿದ್ಯಾಲಯದ ಫೀಸನ್ನು ವಿದ್ಯಾರ್ಥಿ ಕಟ್ಟಬೇಕಾಗಿಲ್ಲ. ಕೆಲಸಕ್ಕೆ ಸಂಬಳ, ಕೊನೆಗೆ ಪದವಿ.

ಇದನ್ನು ಓದಿದೊಡನೆ ಬ್ಯಾಗು ತುಂಬಿಕೊಳ್ಳಬೇಡಿ. ಇಂಗ್ಲೆಂಡಿನ ಈ ಅವಕಾಶ ಅಲ್ಲಿ ಕೆಲಸ ಮಾಡುವ ಹಕ್ಕಿದ್ದು, ಸಾಮಾನ್ಯವಾಗಿ ಮೂರು ವರ್ಷ ಅಲ್ಲಿಯೇ ನೆಲೆಸಿದವರಿಗೆ. ಇಲ್ಲಿಂದ ನೇರವಾಗಿ ಹೋಗುವ ಮಗುವಿಗೆ ಅದು ಸಿಗುವುದು ಕಷ್ಟ. ಜರ್ಮನಿಯಲ್ಲಿ ವೃತ್ತಿ ತರಬೇತಿಗೆ ಹೊರಗಿನವರಿಗೂ ವೀಸಾ ಇದೆ. ಆದರೆ ಜರ್ಮನ್ ಭಾಷೆ ಸಾಮಾನ್ಯವಾಗಿ ಬಿ1 ಮಟ್ಟಕ್ಕಾದರೂ ಬರಬೇಕು. ಹನ್ನೆರಡನೇ ತರಗತಿಯ ಫಲಿತಾಂಶ ಬಂದ ಮೇಲೆ ಭಾಷೆ ಕಲಿಯಲು ಕುಳಿತರೆ ಒಂದು ವರ್ಷ ಕೈಬಿಟ್ಟಂತೆಯೇ. ಆ ಕಡೆ ಮನಸ್ಸಿದ್ದವರು ಹತ್ತನೇ ತರಗತಿಯಲ್ಲಿಯೇ ಆರಂಭಿಸಬೇಕು.

ಹೆಚ್ಚಿನ ಮಕ್ಕಳು ಹೋಗುವುದು ಭಾರತಕ್ಕೆ. ಅಲ್ಲಿ 1961ರಲ್ಲಿಯೇ ಅಪ್ರೆಂಟಿಸ್ ಕಾಯ್ದೆ ಬಂದಿದೆ. 1973ರ ತಿದ್ದುಪಡಿ ಇಂಜಿನಿಯರಿಂಗ್ ಪದವೀಧರರನ್ನೂ ಡಿಪ್ಲೊಮಾ ಪಡೆದವರನ್ನೂ ಅದರೊಳಗೆ ತಂದಿತು. ಇದು ಬಹುಕಾಲ ಓದು ಮುಗಿದ ಮೇಲಿನ ತರಬೇತಿಯಾಗಿಯೇ ಉಳಿಯಿತು. ಓದಿನ ಜೊತೆಗೇ ತರಬೇತಿ ಕೂಡಿಸುವ ಕೋರ್ಸುಗಳಿಗೆ 2020ರಲ್ಲಿ ಯುಜಿಸಿ ಮಾರ್ಗಸೂಚಿ ಹೊರಡಿಸಿದ ಮೇಲೆ ದಾರಿ ಇನ್ನಷ್ಟು ಅಗಲವಾಗಿದೆ. ಅದಕ್ಕೂ ಮೊದಲೇ ದಾರಿ ತೋರಿಸಿದ ಸಂಸ್ಥೆಗಳಿವೆ. ಬಿಟ್ಸ್ ಪಿಲಾನಿ 1973ರಲ್ಲಿ 'ಪ್ರಾಕ್ಟೀಸ್ ಸ್ಕೂಲ್' ಆರಂಭಿಸಿತು. ಎರಡನೇ ವರ್ಷದ ಬೇಸಿಗೆಯಲ್ಲಿ ಸುಮಾರು ಎರಡು ತಿಂಗಳು, ಕೊನೆಯ ವರ್ಷದಲ್ಲಿ ಐದೂವರೆ ತಿಂಗಳು ವಿದ್ಯಾರ್ಥಿ ಕಂಪನಿಯಲ್ಲಿ ಇರುತ್ತಾನೆ. ಅದಕ್ಕೆ ಅಂಕವೂ ಉಂಟು. ಅದೇ ಸಂಸ್ಥೆಯ ದುಬೈ ಕ್ಯಾಂಪಸ್ 2000ದಿಂದ ನಮ್ಮ ಪಕ್ಕದಲ್ಲಿಯೇ ಇದೆ. ಬೆಂಗಳೂರಿನಲ್ಲಿ ಡೆನ್ಮಾರ್ಕ್ ಸರ್ಕಾರದ ನೆರವಿನಿಂದ 1972ರಲ್ಲಿ ಸ್ಥಾಪನೆಯಾದ ಜಿಟಿಟಿಸಿ, ಅಂದರೆ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಟೂಲ್ ಅಂಡ್ ಡೈ ಡಿಪ್ಲೊಮಾದಲ್ಲಿ ಮೂರು ವರ್ಷದ ಓದಿಗೆ ಒಂದು ವರ್ಷದ ಕಾರ್ಖಾನೆ ತರಬೇತಿಯನ್ನು ಸೇರಿಸಿದೆ. 1959ರಲ್ಲಿ ತಲಶ್ಶೇರಿಯ ನೆಟ್ಟೂರಿನಲ್ಲಿ ಸ್ವಿಸ್ ನೆರವಿನಿಂದ ಹುಟ್ಟಿ ನಂತರ ಬೆಂಗಳೂರಿನಲ್ಲಿ ಬೇರೂರಿದ ಎನ್‌ಟಿಟಿಎಫ್ ಕೂಡ ಇದೇ ಜಾತಿಯದು. ಡಿಪ್ಲೊಮಾ ಎಂದರೆ ಮುಂದೆ ಬಾಗಿಲು ಮುಚ್ಚಿತು ಎಂದಲ್ಲ. ಕರ್ನಾಟಕದಲ್ಲಿ ಮಾನ್ಯತೆ ಪಡೆದ ಡಿಪ್ಲೊಮಾ ಮುಗಿಸಿ, ನಿಗದಿತ ಅರ್ಹತೆ ಇದ್ದವರು ಡಿಸಿಇಟಿ ಬರೆದು ನೇರವಾಗಿ ಇಂಜಿನಿಯರಿಂಗ್ ಎರಡನೇ ವರ್ಷಕ್ಕೆ ಸೇರಬಹುದು.

ಈಗ ಪಾಲಕರ ಆಕ್ಷೇಪಗಳಿಗೆ ಬರೋಣ. ಅವು ಪೊಳ್ಳಲ್ಲ.

ಮೊದಲನೆಯದು ಸರ್ಟಿಫಿಕೇಟಿನ ಪ್ರಶ್ನೆ. 2018ರಲ್ಲಿ ಕುವೈತ್‌ನಲ್ಲಿ ಇಂಜಿನಿಯರ್ ಎಂಬ ಹುದ್ದೆಯ ಹೆಸರಿನಲ್ಲಿ ಇಕಾಮಾ ನವೀಕರಿಸಲು ಕುವೈತ್ ಸೊಸೈಟಿ ಆಫ್ ಇಂಜಿನಿಯರ್ಸ್‌ನ ಒಪ್ಪಿಗೆ ಕಡ್ಡಾಯವಾಯಿತು. ಭಾರತದ ಕಾಲೇಜುಗಳ ವಿಷಯದಲ್ಲಿ ಎನ್‌ಬಿಎ ಮಾನ್ಯತೆಯನ್ನು ನೋಡತೊಡಗಿದರು. ಹತ್ತಾರು ವರ್ಷ ಅನುಭವವಿದ್ದವರೂ ತಮ್ಮ ಕಾಲೇಜಿನ ಹೆಸರು ಪಟ್ಟಿಯಲ್ಲಿಲ್ಲವೆಂದು ತೊಂದರೆ ಪಟ್ಟರು. ಆ ದಿನಗಳನ್ನು ನೋಡಿದ ತಂದೆ "ಕೈಕೆಲಸ ಯಾರಿಗೆ ಬೇಕು, ಕಾಗದ ಸರಿಯಿರಬೇಕು" ಎಂದರೆ ಅದನ್ನು ತಳ್ಳಿಹಾಕುವಂತಿಲ್ಲ. ಅದಕ್ಕೆಂದೇ ನಾವು ಕಾಲೇಜನ್ನು ಬಿಡಬೇಡಿ ಎನ್ನುತ್ತಿರುವುದು. ಕಾಗದ ಬಾಗಿಲು ತೆರೆಯುತ್ತದೆ, ಒಳಗೆ ಹೋದ ಮೇಲೆ ನಿಲ್ಲಿಸುವುದು ಕೆಲಸ. ಆರಿಸಿಕೊಳ್ಳುವ ಕೋರ್ಸಿಗೆ ಎನ್‌ಬಿಎ ಮಾನ್ಯತೆ ಇದೆಯೇ ಎಂದು ಮೊದಲು ನೋಡಿ. ಕಾಲೇಜಿಗೆ ಒಟ್ಟಾಗಿ ಅಲ್ಲ, ಆ ನಿರ್ದಿಷ್ಟ ವಿಭಾಗಕ್ಕೆ ಇದೆಯೇ, ಎಷ್ಟು ವರ್ಷಕ್ಕೆ ಇದೆ ಎಂದು ನೋಡಿ. ಅದಿದ್ದ ಕೋರ್ಸುಗಳಲ್ಲಿ ತರಬೇತಿ ಹೆಚ್ಚಾಗಿರುವುದನ್ನು ಆರಿಸಿ. ಎರಡರಲ್ಲಿ ಒಂದನ್ನು ಬಿಟ್ಟುಕೊಡುವ ಅಗತ್ಯವಿಲ್ಲ.

ಎರಡನೆಯ ಆಕ್ಷೇಪ ಶೋಷಣೆಯದು. ಅಪ್ರೆಂಟಿಸ್ ಎಂದು ಸೇರಿಸಿಕೊಂಡು ಜೆರಾಕ್ಸ್ ಮಾಡಿಸುವ, ಚಹಾ ತರಿಸುವ, ಇಲ್ಲವೇ ಮೂರು ವರ್ಷ ಒಂದೇ ಯಂತ್ರದ ಒಂದೇ ಗುಂಡಿ ಒತ್ತಿಸುವ ಜಾಗಗಳು ಇವೆ. ಕಡಿಮೆ ಹಣಕ್ಕೆ ಕೆಲಸಗಾರ ಸಿಕ್ಕಿದ ಎಂದು ನೋಡುವ ಮಾಲೀಕರು ಎಲ್ಲ ದೇಶಗಳಲ್ಲೂ ಇದ್ದಾರೆ. ಭಾರತದ ಕಾಯ್ದೆಯ ಪ್ರಕಾರ ಅಪ್ರೆಂಟಿಸ್ ಎಂದರೆ ಕಲಿಯುವವನು, ಕಾರ್ಮಿಕನಲ್ಲ. ಹಾಗಾಗಿ ಕಾರ್ಮಿಕನಿಗೆ ಇರುವ ಎಲ್ಲ ರಕ್ಷಣೆ ಅವನಿಗಿಲ್ಲ. ಆದರೆ ಲಿಖಿತ ಒಪ್ಪಂದ ಇರಲೇಬೇಕು. ಅಪ್ರೆಂಟಿಸ್‌ಶಿಪ್ ಅಧಿಕಾರಿಯ ಒಪ್ಪಿಗೆಯಿಲ್ಲದೆ ಓವರ್‌ಟೈಮ್ ಮಾಡಿಸುವಂತಿಲ್ಲ. ಸ್ಟೈಪೆಂಡ್ ಕೊಡಲೇಬೇಕು. 2019ರ ನಿಯಮದಲ್ಲಿ ಅದರ ಕನಿಷ್ಠ ಮಟ್ಟ ಓದಿಗೆ ತಕ್ಕಂತೆ ತಿಂಗಳಿಗೆ 5,000ದಿಂದ 9,000 ರೂಪಾಯಿ ಎಂದು ನಿಗದಿಯಾಯಿತು. ಇಂಥ ಅಂಕಿಗಳು ಬದಲಾಗುತ್ತಿರುತ್ತವೆ, ಸೇರುವ ವರ್ಷದ ದರವನ್ನು ವಿಚಾರಿಸಿಕೊಳ್ಳಬೇಕು. ಸ್ಟೈಪೆಂಡ್ ದೊಡ್ಡ ಮೊತ್ತವಲ್ಲ ನಿಜ. ಆದರೆ ಹಾಸ್ಟೆಲಿನ ಹುಡುಗನೊಬ್ಬ ತನ್ನ ದುಡಿಮೆಯ ಹಣದಿಂದ ಮೊದಲ ಬಾರಿಗೆ ಮನೆಗೆ ಏನಾದರೂ ಕೊಂಡುಹೋಗುವ ಸಂತೋಷಕ್ಕೆ ಬೆಲೆ ಕಟ್ಟಲಾಗದು.

ಮೂರನೆಯದು ದಣಿವು. ದಿನವಿಡೀ ಕಾರ್ಖಾನೆಯಲ್ಲಿ ನಿಂತವನು ರಾತ್ರಿ ಗಣಿತ ಹೇಗೆ ಓದಿಯಾನು ಎಂದು ತಾಯಂದಿರು ಕೇಳುತ್ತಾರೆ. ಉತ್ತರ ಸುಲಭವಲ್ಲ. ಗೆಳೆಯರು ಸಿನಿಮಾಕ್ಕೆ ಹೋಗುವ ಶನಿವಾರ ಇವನು ಪಾಳಿಯಲ್ಲಿರುತ್ತಾನೆ. ಪರೀಕ್ಷೆ ಹತ್ತಿರ ಬಂದಾಗಲೂ ಬೆಳಿಗ್ಗೆ ಏಳು ಗಂಟೆಗೆ ಕಾರ್ಡ್ ಪಂಚ್ ಮಾಡಬೇಕಾಗಬಹುದು. ಕಾಲೇಜಿಗೂ ಕಂಪನಿಗೂ ಮಾತುಕತೆ ಇಲ್ಲದ ಕಡೆ ಈ ಕಷ್ಟ ಇಮ್ಮಡಿಯಾಗುತ್ತದೆ. ಎಲ್ಲ ಮಕ್ಕಳಿಗೂ ಇದು ಒಗ್ಗುವುದಿಲ್ಲ ಎಂಬುದನ್ನು ನಾವು ಒಪ್ಪುತ್ತೇವೆ. ಶುದ್ಧ ವಿಜ್ಞಾನ, ಸಂಶೋಧನೆಯ ಕಡೆ ಒಲವಿರುವ ಮಗುವನ್ನು ಬಲವಂತವಾಗಿ ಈ ದಾರಿಗೆ ತಳ್ಳುವುದೂ ತಪ್ಪು, ಯಂತ್ರ ಕಂಡರೆ ಕಣ್ಣರಳಿಸುವ ಮಗುವನ್ನು ನಾಲ್ಕು ವರ್ಷ ಬೆಂಚಿನ ಮೇಲೆ ಕಟ್ಟಿಹಾಕುವುದೂ ತಪ್ಪು.

ನಾಲ್ಕನೆಯದು ಹೆಣ್ಣುಮಕ್ಕಳ ವಿಷಯ. "ಹುಡುಗನಾದರೆ ಸರಿ, ಮಗಳನ್ನು ಕಾರ್ಖಾನೆಗೆ ಹೇಗೆ ಕಳಿಸುವುದು?" ಎಂಬ ಪ್ರಶ್ನೆ ಬಂದೇ ಬರುತ್ತದೆ. ವಸತಿ, ಓಡಾಟದ ವಾಹನ, ಪಾಳಿಯ ಸಮಯ, ದೂರು ಕೇಳುವ ಸಮಿತಿ ಇವನ್ನೆಲ್ಲ ವಿಚಾರಿಸುವುದು ಪಾಲಕರ ಹಕ್ಕು, ವಿಚಾರಿಸಲೇಬೇಕು. ಆದರೆ ಉತ್ತರ ಸರಿಯಾಗಿದ್ದರೆ ಕಳಿಸಬೇಕು. ಮೈಕ್ರೋಮೀಟರ್ ಹಿಡಿದ ಕೈ ಹೆಣ್ಣಿನದೋ ಗಂಡಿನದೋ ಎಂದು ಶಾಫ್ಟಿಗೆ ಗೊತ್ತಾಗುವುದಿಲ್ಲ. ಇಂಜಿನಿಯರಿಂಗ್ ಪದವಿಗೆ ಕಳಿಸಿ, ಯಂತ್ರದ ಹತ್ತಿರ ಮಾತ್ರ ಕಳಿಸದಿದ್ದರೆ ಮಗಳಿಗೆ ಅರ್ಧ ವಿದ್ಯೆ ಕೊಟ್ಟಂತೆ.

ಹಾಗಾದರೆ ಆರಿಸುವುದು ಹೇಗೆ? ಸೇರುವ ಮೊದಲು ಕಾಲೇಜಿನವರನ್ನೂ ಕಂಪನಿಯವರನ್ನೂ ಐದು ಪ್ರಶ್ನೆ ಕೇಳಿ ಎಂಬುದು ನಮ್ಮ ಸಲಹೆ. ಒಂದು, ತರಬೇತಿಗೆ ನೋಂದಾಯಿತ ಒಪ್ಪಂದ ಇದೆಯೇ, ಅದರ ಪ್ರತಿ ನಮಗೆ ಸಿಗುತ್ತದೆಯೇ? ಎರಡು, ಯಾವ ವಿಭಾಗದಲ್ಲಿ ಎಷ್ಟು ವಾರ ಎಂಬ ಬರೆದ ಪಟ್ಟಿ ಇದೆಯೇ? ಫಿಟ್ಟಿಂಗ್, ಮೆಷಿನಿಂಗ್, ತಪಾಸಣೆ, ಮೇಂಟೆನೆನ್ಸ್, ಡಿಸೈನ್ ಹೀಗೆ ವಿಭಾಗ ಬದಲಾಗುತ್ತಿದ್ದರೆ ಅದು ತರಬೇತಿ, ಇಲ್ಲದಿದ್ದರೆ ಅದು ಬರೀ ಕೂಲಿ. ಮೂರು, ಮಗುವಿನ ಕಲಿಕೆಗೆ ಹೊಣೆಯಾದ ಒಬ್ಬ ಹಿರಿಯ ವ್ಯಕ್ತಿ ಯಾರು? ನಾಲ್ಕು, ಪರೀಕ್ಷೆಯ ದಿನಗಳಲ್ಲಿ ರಜೆ ಹೇಗೆ? ಐದು, ತರಬೇತಿಗೆ ಪದವಿಯಲ್ಲಿ ಕ್ರೆಡಿಟ್ ಸಿಗುತ್ತದೆಯೇ, ಮುಗಿಸಿದವರು ಎಲ್ಲಿಗೆ ಹೋಗಿದ್ದಾರೆ? ತರಬೇತಿ ಮುಗಿದ ಮೇಲೆ ಅದೇ ಕಂಪನಿ ಕೆಲಸ ಕೊಡಲೇಬೇಕೆಂದು ಭಾರತದ ಕಾಯ್ದೆ ಹೇಳುವುದಿಲ್ಲ ಎಂಬುದೂ ನೆನಪಿರಲಿ. ಈ ಐದಕ್ಕೂ ತಡವರಿಸದೆ ಉತ್ತರ ಕೊಡುವ ಸಂಸ್ಥೆ ಸಿಕ್ಕಿದರೆ ಅದರ ಕಟ್ಟಡ ಚಿಕ್ಕದಾದರೂ ಚಿಂತೆಯಿಲ್ಲ.

ನಮ್ಮ ಶಾಲೆಯಿಂದಲೂ ಒಂದು ಕೆಲಸ ಆಗಬೇಕು. ಪ್ರತಿ ವರ್ಷ ವೃತ್ತಿ ಮಾರ್ಗದರ್ಶನ ದಿನದಂದು ಕಾಲೇಜುಗಳ ಪ್ರತಿನಿಧಿಗಳು ಬಂದು ಬಣ್ಣದ ಪುಸ್ತಿಕೆ ಹಂಚಿ ಹೋಗುತ್ತಾರೆ. ಅದೇ ವೇದಿಕೆಗೆ ನಮ್ಮ ಪಾಲಕರಲ್ಲೇ ಇರುವ ಫಿಟ್ಟರ್‌ಗಳನ್ನು, ಇನ್‌ಸ್ಟ್ರುಮೆಂಟೇಷನ್ ಟೆಕ್ನಿಷಿಯನ್‌ಗಳನ್ನು, ವೆಲ್ಡಿಂಗ್ ಇನ್‌ಸ್ಪೆಕ್ಟರ್‌ಗಳನ್ನು ಕರೆಯೋಣ. ರಿಫೈನರಿಯೊಂದು ಶಟ್‌ಡೌನ್‌ಗೆ ನಿಂತಾಗ ಏನೇನು ನಡೆಯುತ್ತದೆ, ಒಂದು ಕವಾಟ ಸೋರಿದರೆ ಎಷ್ಟು ಜನರ ನಿದ್ದೆ ಹೋಗುತ್ತದೆ ಎಂದು ಅವರ ಬಾಯಿಂದಲೇ ಮಕ್ಕಳು ಕೇಳಲಿ. ದಿನಕ್ಕೆ 6 ಲಕ್ಷ ಬ್ಯಾರಲ್‌ಗೂ ಹೆಚ್ಚು ಕಚ್ಚಾತೈಲ ಸಂಸ್ಕರಿಸುವಂತೆ ಕಟ್ಟಿದ ಅಲ್ ಝೋರ್ ರಿಫೈನರಿ ಇದೇ ದೇಶದಲ್ಲಿದೆ. ಅಂಥ ಊರಿನಲ್ಲಿ ಬೆಳೆದ ಮಗುವಿಗೆ ಪಂಪ್ ಎಂದರೆ ಪಠ್ಯಪುಸ್ತಕದ ಚಿತ್ರ ಮಾತ್ರವಾಗಿದ್ದರೆ ಅದು ನಮ್ಮೆಲ್ಲರಿಗೂ ನಷ್ಟ.

ವಿದ್ಯಾರ್ಥಿಗಳೇ, ನಿಮಗೆ ಕೊನೆಯದಾಗಿ ಒಂದು ಮಾತು. "ಕೋಟಿ ವಿದ್ಯೆಗಿಂತ ಮೇಟಿ ವಿದ್ಯೆ ಮೇಲು" ಎಂದು ನಮ್ಮ ಹಿರಿಯರು ಹೇಳಿದ್ದು ನೇಗಿಲು ಹಿಡಿದ ಕೈಯನ್ನು ನೋಡಿ. ಇಂದು ಆ ಕೈಯಲ್ಲಿ ನೇಗಿಲಿನ ಬದಲು ಸ್ಪ್ಯಾನರ್ ಇರಬಹುದು, ಪಿಎಲ್‌ಸಿ ಪ್ರೋಗ್ರಾಂ ಬರೆಯುವ ಲ್ಯಾಪ್‌ಟಾಪ್ ಇರಬಹುದು. ಮಾತಿನ ಸತ್ಯ ಬದಲಾಗಿಲ್ಲ. ಈ ಬೇಸಿಗೆ ರಜೆಗೆ ಊರಿಗೆ ಹೋದಾಗ ಮಾಲ್ ಸುತ್ತುವ ದಿನಗಳಲ್ಲಿ ಒಂದು ದಿನ ಉಳಿಸಿ, ಮಾವನದೋ ಚಿಕ್ಕಪ್ಪನದೋ ಪರಿಚಯ ಹಿಡಿದು ಒಂದು ವರ್ಕ್‌ಶಾಪಿಗೆ ಹೋಗಿ ಬನ್ನಿ. ಪೀಣ್ಯವಾದರೂ ಸರಿ, ಬೈಕಂಪಾಡಿಯಾದರೂ ಸರಿ. ಒಂದು ಮೂಲೆಯಲ್ಲಿ ನಿಂತು ನೋಡಿ, ಪ್ರಶ್ನೆ ಕೇಳಿ, ಸಾಧ್ಯವಾದರೆ ಒಂದು ಕಬ್ಬಿಣದ ತುಂಡಿಗೆ ಅರ ಹಾಕಿ ಅದು ಚಪ್ಪಟೆಯಾಗುತ್ತದೆಯೇ ಎಂದು ಪರೀಕ್ಷಿಸಿ. ಆಗುವುದಿಲ್ಲ! ಅದು ಏಕೆ ಆಗಲಿಲ್ಲ ಎಂದು ನಿಮಗೆ ತಿಳಿಯಬೇಕೆನ್ನಿಸಿದರೆ ಅಪ್ಪ ಅಮ್ಮನ ಬಳಿ ಕುಳಿತು ಈ ದಾರಿಯ ಬಗ್ಗೆ ಮಾತಾಡಿ. ಅವರು ಮೊದಲು ಬೇಡ ಎನ್ನಬಹುದು. ಮೇಲಿನ ಐದು ಪ್ರಶ್ನೆಗಳನ್ನು ಅವರ ಮುಂದಿಟ್ಟು ಉತ್ತರವನ್ನು ಒಟ್ಟಿಗೆ ಹುಡುಕಿ. ನಿಮಗೆಲ್ಲ ಒಳ್ಳೆಯದಾಗಲಿ.